ಕೆಂಪಿಗೆ ಎರಡು ದಿನ, ನೀಲಿಗೆ ಹದಿನೈದು

ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಶ್ರೀರಾಂಪುರದ ನಮ್ಮ ಮನೆಗೆ ಬರುತ್ತಾರೆ. "ಮೇಡಂ, ನಿಮ್ಮ ಅನುಭವ ಹೇಳಿ" ಅನ್ನುತ್ತಾರೆ. ಮೂವತ್ತೆರಡು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಹೇಳಿದವಳು ನಾನು, ಪುಟ್ಟತಾಯಮ್ಮ. ಅದರಲ್ಲಿ ಬಹುಪಾಲು ಕಳೆದದ್ದು ಮಂಡಿ ಮೊಹಲ್ಲಾದ ಕಡೆಯ ಒಂದು ಶಾಲೆಯಲ್ಲಿ. ಬಡ್ತಿ ಯಾವಾಗ ಬಂತು, ಶಾಲು ಯಾರು ಹೊದಿಸಿದರು ಅಂತೆಲ್ಲ ಬರೆದರೆ ಓದುವ ನಿಮಗೂ ನಿದ್ದೆ, ಬರೆಯುವ ನನಗೂ ನಿದ್ದೆ. ನಾನು ಹೇಳಬೇಕಾದದ್ದು ಹಾಜರಿ ಪುಸ್ತಕದ ವಿಷಯ. ಅದರಲ್ಲಿ ನಾನೊಂದು ತಪ್ಪು ಮಾಡಿದೆ. ಯಾವತ್ತೋ ಒಂದು ದಿನ ಕಣ್ತಪ್ಪಿ ಮಾಡಿದ್ದಲ್ಲ. ವರ್ಷಗಟ್ಟಲೆ, ದಿನಾ ಬೆಳಿಗ್ಗೆ, ಬಹಳ ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡೇ ಮಾಡಿದೆ.

ಆಗ ಹಾಜರಿ ಪುಸ್ತಕ ಬರೆಯುವ ಕ್ರಮ ಹೀಗಿತ್ತು. ಮೊದಲು ಹುಡುಗರ ಹೆಸರು, ನೀಲಿ ಶಾಯಿಯಲ್ಲಿ. ಅವರದೆಲ್ಲ ಮುಗಿದ ಮೇಲೆ ಹುಡುಗಿಯರ ಹೆಸರು, ಕೆಂಪು ಶಾಯಿಯಲ್ಲಿ. ತಿಂಗಳ ಕೊನೆಗೆ ಗಂಡೆಷ್ಟು, ಹೆಣ್ಣೆಷ್ಟು ಅಂತ ಎಣಿಸಲು ಸಲೀಸು ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಕಾರಣ ನನಗೆ ಗೊತ್ತಿಲ್ಲ. ನಾನು ಸೇರಿದ ವರ್ಷ ಕೆಂಪು ಹೆಸರುಗಳು ಪುಟದ ಕೆಳಗೆ ಬೆರಳೆಣಿಕೆಯಷ್ಟು ಇದ್ದವು.

ಆ ವರ್ಷ ಒಂಬತ್ತನೇ ತರಗತಿಯಲ್ಲಿ ರಾಜಮ್ಮಣ್ಣಿ ಅಂತ ಒಬ್ಬಳಿದ್ದಳು. ಬೋರ್ಡಿನ ಮೇಲೆ ಲೆಕ್ಕ ಬರೆದು ನಾನು ತಿರುಗುವಷ್ಟರಲ್ಲಿ ಉತ್ತರ ಹೇಳುತ್ತಿದ್ದಳು. ಒಂದು ವಾರ ನಾಲ್ಕು ದಿನ ಬರಲಿಲ್ಲ. ಜ್ವರ ಇರಬೇಕು ಅಂದುಕೊಂಡೆ. ಐದನೇ ದಿನ ಅವಳ ಪಕ್ಕದ ಹುಡುಗಿಯನ್ನು ಕೇಳಿದರೆ, "ಅವಳ ಮದುವೆ ಆಗೋಯ್ತಲ್ಲ ಮೇಡಂ, ನೆನ್ನೆ ಬೀಗರ ಊಟ" ಅಂದಳು. ಸ್ಟಾಫ್ ರೂಮಿಗೆ ಬಂದು ಗೊಳೋ ಅಂತ ಅತ್ತೆ.

ಆಗಿನ ಹೆಡ್‌ಮಾಸ್ಟರು ಶಿವಬಸಪ್ಪನವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ, ಮನಸ್ಸು ಮಾತ್ರ ಬೆಣ್ಣೆ. ನಾನು ಅಳುವುದನ್ನು ಸ್ವಲ್ಪ ಹೊತ್ತು ನೋಡಿ, "ಅತ್ತರೆ ವಾಪಸ್ ಬರ್ತಾಳೇನಮ್ಮ? ಮೂಗು ಒರೆಸ್ಕೋ. ಇನ್ಮೇಲೆ ಹೆಣ್ಮಕ್ಕಳು ಎರಡು ದಿನ ಬರ್ಲಿಲ್ಲ ಅಂದ್ರೆ ಮನೆಗೆ ಹೋಗ್ಬಿಡು. ಮೂರನೇ ದಿನಕ್ಕೆ ಕಾಯಬೇಡ" ಅಂದರು.

"ಹುಡುಗರು ಬರ್ಲಿಲ್ಲ ಅಂದ್ರೆ ಸಾರ್?"

"ಅವರಿಗೇನು ಕಣಮ್ಮ? ಗಂಡ್ಮಕ್ಕಳು. ಬರ್ತಾರೆ. ಬರದಿದ್ರೆ ಎಲ್ಲೋ ಒಂದು ಕಡೆ ದುಡ್ಕೊಂಡು ತಿಂತಾರೆ. ಹದಿನೈದು ದಿನ ನೋಡಿ ಹೆಸರಿನ ಮೇಲೆ ಗೆರೆ ಎಳೆದ್ಬುಡು."

ಕೆಂಪಿಗೆ ಎರಡು ದಿನ, ನೀಲಿಗೆ ಹದಿನೈದು. ಯಾವ ಸುತ್ತೋಲೆಯಲ್ಲೂ ಇಲ್ಲದ ಈ ಕಾನೂನನ್ನು ನಾನು ಪಾಲಿಸಿದಷ್ಟು ನಿಷ್ಠೆಯಿಂದ ಸರ್ಕಾರದ ಯಾವ ಕಾನೂನನ್ನೂ ಪಾಲಿಸಲಿಲ್ಲ. ಅದಕ್ಕೆ ಕಾರಣವೂ ಇತ್ತು. ಮಂಡಕಳ್ಳಿಯಿಂದಾಚೆ ನಮ್ಮೂರು, ಒಕ್ಕಲುತನದ ಮನೆ. ಏಳನೇ ತರಗತಿಗೇ ನನ್ನನ್ನು ಬಿಡಿಸಿದ್ದ ಅಪ್ಪನ ಜೊತೆ ಜಗಳವಾಡಿ ಮತ್ತೆ ಶಾಲೆಗೆ ಕರೆದುಕೊಂಡು ಹೋದವರು ಒಬ್ಬ ಮೇಷ್ಟರು. ಮೂರು ಸಲ ಸೈಕಲ್ಲು ತುಳಿದುಕೊಂಡು ಬಂದಿದ್ದರು. ಅವರು ಎರಡೇ ಸಲಕ್ಕೆ ಸುಸ್ತಾಗಿದ್ದರೆ ನಾನು ಈ ಹೊತ್ತು ಏನನ್ನೂ ಬರೆಯುತ್ತಿರಲಿಲ್ಲ.

ಹೀಗಾಗಿ ಶಾಲೆ ಬಿಟ್ಟ ಮೇಲೆ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಮಂಡಿ ಮೊಹಲ್ಲಾದ ಸಂದಿಗೊಂದಿ ತಿರುಗುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ ಬೇರೆ. ಒಂದು ಸಲ ಒಂದು ಮನೆಗೆ ನುಗ್ಗಿ, ಜಗುಲಿಯ ಮೇಲೆ ಕೂತಿದ್ದ ಮುದುಕರಿಗೆ, "ಮೊಮ್ಮಗಳಿಗೆ ಗಂಡು ನೋಡ್ತಿದೀರಾ? ಪೊಲೀಸ್ ಸ್ಟೇಷನ್ನಿಗೆ ಬರ್ತೀರಾ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಬಾಗಿಲ ಕಡೆ ಕೋಲು ತೋರಿಸಿದರು. "ಮೇಡಮ್ಮೋರೇ, ಬೇವಿನ ಸೊಪ್ಪು ಕಟ್ಟಿರೋದು ಕಾಣ್ಲಿಲ್ವಾ? ಮಗೀಗೆ ಅಮ್ಮ ಆಗದೆ. ಮೈಯೆಲ್ಲ ಬೊಕ್ಕೆ. ಈಗ ಯಾವ ಗಂಡು ನೋಡಕೆ ಬತ್ತದೆ ಹೇಳಿ" ಅಂದರು. ಒಳಗಿನಿಂದ ಹುಡುಗಿ ಕಿಸಿಕಿಸಿ ನಗುವುದು ಕೇಳಿಸಿತು. ಆ ವಿಷಯ ಶಾಲೆಯಲ್ಲಿ ಒಂದು ವರ್ಷ ಓಡಿತು. ನಾಚಿಕೆಯಾದರೂ ನಾನು ತಿರುಗುವುದು ಬಿಡಲಿಲ್ಲ.

ಫಲ ಬಂತು. ಪುಟದ ಕೆಳಗಿನ ಕೆಂಪು ಹೆಸರುಗಳು ವರ್ಷವರ್ಷಕ್ಕೆ ಮೇಲೇರಿ ಅರ್ಧ ಪುಟವಾದವು. ಹತ್ತನೇ ತರಗತಿಯ ಫಲಿತಾಂಶದ ದಿನ ಬೋರ್ಡಿನ ಮೇಲೆ ಮೊದಲ ಐದು ಹೆಸರು ಬರೆದರೆ ಐದೂ ಹುಡುಗಿಯರದೇ ಆಗುವ ಕಾಲ ಬಂತು. ನನ್ನ ಜಂಬ ಹೇಳತೀರದು.

ಈಗ ಚೈತ್ರ ಮತ್ತು ಮಹೇಶನ ವಿಷಯಕ್ಕೆ ಬರುತ್ತೇನೆ. ಅವಳಿ ಮಕ್ಕಳು. ಇಬ್ಬರೂ ಹತ್ತನೇ ತರಗತಿಯಲ್ಲಿ, ನನ್ನ ಕ್ಲಾಸಿನಲ್ಲೇ. ಓದಿನಲ್ಲಿ ಅವಳು ಒಂದು ಕೈ ಮೇಲು, ಅವನೂ ದಡ್ಡನಲ್ಲ. ತಾಯಿ ಇಲ್ಲ. ತಂದೆ ಗುರುಸ್ವಾಮಿಯವರಿಗೆ ಮಂಡಿ ಮೊಹಲ್ಲಾದಲ್ಲಿ ತಗಡಿನ ಕೆಲಸದ ಸಣ್ಣ ಅಂಗಡಿ. ಟ್ರಂಕು, ಡಬ್ಬ, ಎಣ್ಣೆ ಸುರಿಯುವ ಲಾಳಿಕೆ ಮಾಡುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ.

ದಸರಾ ರಜೆ ಮುಗಿದ ಮೇಲೆ ಇಬ್ಬರೂ ಎರಡು ದಿನ ಬರಲಿಲ್ಲ. ನಾನು ಕೆಂಪು ಹೆಸರಿನ ಮುಂದಿನ ಗೈರು ನೋಡಿ ಹೊರಟೆ. ನೀಲಿ ಹೆಸರಿನ ಮುಂದೆಯೂ ಅಷ್ಟೇ ಗೈರು ಇತ್ತು. ಅದೇ ಕಣ್ಣು, ಅದೇ ಪುಟ, ಆದರೂ ಅಲ್ಲಿ ನೋಟ ನಿಲ್ಲಲಿಲ್ಲ.

ಹೋಗಿ ನೋಡಿದರೆ ಗುರುಸ್ವಾಮಿಯವರ ಬಲಗೈಗೆ ದೊಡ್ಡ ಬ್ಯಾಂಡೇಜು. ತಗಡು ಜಾರಿ ಕೈ ಕೊಯ್ದುಬಿಟ್ಟಿತ್ತು.

"ಮೂರು ತಿಂಗಳು ಸುತ್ತಿಗೆ ಹಿಡಿಯಂಗಿಲ್ಲ ಅಂದವ್ರೆ ಡಾಕ್ಟ್ರು" ಅಂದರು. "ಇವನು ಅಂಗಡೀಲಿ ನಿಂತವ್ನೆ. ಅವಳು ಮನೆ ನೋಡ್ಕತಾಳೆ. ಏನ್ಮಾಡನ ಹೇಳಿ ಮೇಡಂ?"

ನಾನು ಬಿಡುವವಳಾ? ಅರ್ಧ ಗಂಟೆ ಕೊರೆದೆ. ಹುಡುಗಿ ರ‍್ಯಾಂಕು ತಗೊಳ್ಳುತ್ತಾಳೆ ಅಂದೆ. ಮನೆಯಲ್ಲಿ ಕೂರಿಸಿದರೆ ನಾಳೆ ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕುತ್ತಾಳೆ ಅಂದೆ. ಹೆದರಿಸಿದೆ, ಬೇಡಿಕೊಂಡೆ. ಗುರುಸ್ವಾಮಿಯವರು ಕೊನೆಗೆ ಉಸಿರು ಬಿಟ್ಟು, "ಒಬ್ಬರನ್ನ ಕರ್ಕೊಂಡೋಗಿ ಮೇಡಂ. ಇಬ್ಬರೂ ಅಂದ್ರೆ ಅಂಗಡಿ ಬಾಗಿಲು ಹಾಕ್ಬೇಕಾಯ್ತದೆ" ಅಂದರು.

"ಚೈತ್ರನ್ನ ಕಳ್ಸಿ, ಸಾಕು" ಅಂದೆ.

ಸಾಕು ಅಂದವಳು ನಾನೇ. ಅವರೇನು ಹುಡುಗನನ್ನು ಕಳಿಸುವುದಿಲ್ಲ ಅಂತ ಹಟ ಹಿಡಿದಿರಲಿಲ್ಲ. ಇನ್ನೊಂದು ಅರ್ಧ ಗಂಟೆ ಕೂತಿದ್ದರೆ ಬೆಳಿಗ್ಗೆ ಶಾಲೆ, ಸಂಜೆ ಅಂಗಡಿ ಅಂತ ಏನಾದರೂ ದಾರಿ ಕಾಣುತ್ತಿತ್ತೋ ಏನೋ. ನಾನು ಕೇಳಲೇ ಇಲ್ಲ. ಗೆದ್ದೆ ಅಂದುಕೊಂಡು ಎದ್ದು ಬಂದೆ.

ಬೀದಿಯ ತಿರುವಿನವರೆಗೆ ಬಂದಿದ್ದೆ. ಹಿಂದಿನಿಂದ ಯಾರೋ ಓಡಿ ಬರುವ ಸದ್ದಾಯಿತು. ಮಹೇಶ. ನಾನು ಮರೆತು ಬಂದಿದ್ದ ಛತ್ರಿ ಅವನ ಕೈಯಲ್ಲಿತ್ತು. ಕೊಟ್ಟವನು ಹೋಗದೆ ಅಲ್ಲೇ ನಿಂತ.

"ಮೇಡಂ, ನಾನೂ ಬರ್ಲಾ?"

"ಬೇಡ ಅಂದೋರ್ಯಾರೋ? ಗಂಡು ಹುಡುಗ, ಕಾಲಿಲ್ವಾ ನಿಂಗೆ? ಅಪ್ಪಂಗೆ ಹೇಳಿ ಬಾ" ಅಂದೆ.

ತಂಗಿಗೋಸ್ಕರ ಅರ್ಧ ಗಂಟೆ ಅಪ್ಪನ ಜೊತೆ ಜಗಳವಾಡಿದವಳು, ಇವನಿಗೆ ನೀನೇ ಹೇಳಿಕೋ ಅಂದೆ. ಹದಿನೈದು ವರ್ಷದ ಹುಡುಗ, ಕೈ ಕೊಯ್ದುಕೊಂಡು ಕೂತ ಅಪ್ಪನಿಗೆ ಏನಂತ ಹೇಳಿಯಾನು? ಅವನು ತಲೆಯಾಡಿಸಿ ವಾಪಸ್ಸು ಹೋದ. ಹದಿನಾರನೆಯ ದಿನ ಅವನ ಹೆಸರಿಗೆ ಗೆರೆ ಎಳೆದೆ. ನನಗೆ ಓರೆಕೋರೆ ಆಗುವುದಿಲ್ಲ. ಸ್ಕೇಲು ಇಟ್ಟು ನೆಟ್ಟಗೆ ಎಳೆದೆ.

ಆ ವರ್ಷ ಚೈತ್ರ ಶಾಲೆಗೇ ಮೊದಲು ಬಂದಳು. ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದೆವು. ನಮ್ಮ ಡ್ರಿಲ್ ಮಾಸ್ಟರು ಜವರಯ್ಯನವರು ಮೈಸೂರು ಪಾಕು ಬಾಯಿಗಿಟ್ಟುಕೊಂಡು, "ಮೇಡಂ, ಈ ವರ್ಷ ರಿಜಿಸ್ಟ್ರಲ್ಲಿ ಗೆರೆ ಬಿದ್ದಿದ್ದು ಎಲ್ಲಾ ನೀಲಿ ಹೆಸರಿಗೇ ಕಣ್ರೀ, ನೋಡಿದ್ರಾ? ಗಂಡ್ಮಕ್ಕಳ ಕತೆ ಮುಗೀತು" ಅಂದರು.

"ನಮ್ಮಮ್ಮ, ನಮ್ಮಜ್ಜಿ ಕಾಲದಲ್ಲಿ ಕೆಂಪು ಹೆಸರು ಬರೆಯೋಕೇ ಬಿಡ್ಲಿಲ್ವಲ್ಲ, ಆಗ ಯಾರಾದ್ರೂ ನೋಡಿದ್ರಾ ಸಾರ್?" ಅಂದೆ.

ಎಲ್ಲರೂ ನಕ್ಕರು. ನಾನು ಹೇಳಿದ್ದು ಸುಳ್ಳೇನಲ್ಲ. ಜವರಯ್ಯನವರೂ ಯಾವ ಹುಡುಗನ ಮನೆ ಬಾಗಿಲಿಗೂ ಹೋದವರಲ್ಲ. ಆದರೆ ಅವರು ತೋರಿಸಿದ ಗೆರೆಗಳು ನಿಜವಾಗಿ ಅಲ್ಲಿದ್ದವು. ನಾನು ಮಾತಿನಲ್ಲಿ ಗೆದ್ದು, ಪುಸ್ತಕ ಮುಚ್ಚಿ ಬೀರುವಿಗಿಟ್ಟೆ.

ನಿವೃತ್ತಿಯಾಯಿತು. ಸಂಜೆ ಇಲ್ಲಿನ ಪಾರ್ಕಿಗೆ ಹೋಗಿ ಕೂರುತ್ತೇನೆ. ಅಲ್ಲಿ ನನ್ನಂಥ ಪಿಂಚಣಿದಾರರ ಒಂದು ಗುಂಪು. ವಾರಕ್ಕೊಂದು ಸಲವಾದರೂ ಇದೇ ಚರ್ಚೆ. "ಈಗೆಲ್ಲ ಹೆಂಗಸರದ್ದೇ ಕಾಲ, ಗಂಡಸರು ಹಿಂದೆ ಬಿದ್ದೋದ್ರು" ಅಂತ ಗಂಡಸರು. "ಬೀಳ್ಲಿ ಬಿಡ್ರಿ, ಸ್ವಲ್ಪ ದಿನ" ಅಂತ ಹೆಂಗಸರು. ಮೊದಮೊದಲು ನಾನೂ ದನಿಗೂಡಿಸಿ ನಗುತ್ತಿದ್ದೆ. ಆಮೇಲಾಮೇಲೆ ಆ ಮಾತು ಬಂದಾಗೆಲ್ಲ ಛತ್ರಿ ಹಿಡಿದು ನಿಂತ ಹುಡುಗ ಕಣ್ಣ ಮುಂದೆ ಬರತೊಡಗಿದ.

ಕಳೆದ ವರ್ಷ ಒಂದು ಭಾನುವಾರ ಚೈತ್ರ ಮನೆಗೆ ಬಂದಳು. ಎಂ.ಎಸ್ಸಿ., ಬಿ.ಎಡ್. ಮುಗಿಸಿ, ಸರ್ಕಾರಿ ಪ್ರೌಢಶಾಲೆಗೆ ಗಣಿತದ ಮೇಡಮ್ಮಾಗಿ ಸೇರಿದ್ದಾಳೆ. ಕಾಲಿಗೆ ನಮಸ್ಕಾರ ಮಾಡಿದಾಗ ನನ್ನ ಕಣ್ಣು ತುಂಬಿತು. ಈಗಿನ ಹಾಜರಿ ಹೇಗಮ್ಮ ಅಂದರೆ ಮೊಬೈಲು ತೆಗೆದು ತೋರಿಸಿದಳು. ಕೆಂಪಿಲ್ಲ, ನೀಲಿಯಿಲ್ಲ, ಎಲ್ಲ ಹೆಸರೂ ಒಂದೇ ಬಣ್ಣ, ಅಕಾರಾದಿಯಾಗಿ.

"ಮಗು ಬರ್ಲಿಲ್ಲ ಅಂದ್ರೆ ಅಪ್ಪನ ಫೋನಿಗೆ ಮೆಸೇಜು ಹೋಗತ್ತೆ ಮೇಡಂ."

"ಮಗೂನ ಮನೇಲಿ ಕೂರಿಸಿಕೊಂಡವನಿಗೇ ಮಗು ಮನೇಲಿದೆ ಅಂತ ಸುದ್ದಿ! ಚೆನ್ನಾಗಿದೆ" ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಧೈರ್ಯ ಮಾಡಿ ಕೇಳಿದೆ, "ಮಹೇಶ ಹೇಗಿದಾನಮ್ಮ?"

ಅವಳ ನಗು ನಿಂತಿತು.

"ಅಂಗಡಿ ಅವನೇ ನೋಡ್ಕೋತಾನೆ ಮೇಡಂ. ಅಪ್ಪನ ಕೈ ಮೊದಲಿನ ಹಾಗಾಗಲೇ ಇಲ್ಲ. ನಾನು ಓದಿದ್ದು ಅವನ ದುಡಿಮೇಲೇ. ಹೆಣ್ಣು ನೋಡ್ತಿದೀವಿ. ಮೂರು ಕಡೆಯವರು ಬಂದ್ರು. ಹುಡುಗ ಒಳ್ಳೆಯವನು, ಕೆಲಸಗಾರ, ಆದರೆ ಹತ್ತನೇ ಕ್ಲಾಸೂ ಆಗಿಲ್ವಲ್ಲ ಅಂತಾರೆ. ಅವರದ್ದೂ ತಪ್ಪು ಅನ್ನೋಕಾಗಲ್ಲ, ಹುಡುಗೀರೆಲ್ಲ ಡಿಗ್ರಿ ಆಗಿರ್ತಾರೆ. ಅದಲ್ಲ ಮೇಡಂ ನಂಗೆ ಸಂಕಟ. ನಾನು ಕೆಲಸಕ್ಕೆ ಸೇರಿದ ದಿನ ಸ್ವೀಟು ತಂದಿಟ್ಟ, ನೆಂಟರು ಬರೋ ಹೊತ್ತಿಗೆ ಎದ್ದು ಹೊರಗೆ ಹೋದ. ನನ್ನ ಜೊತೆ ಎಲ್ಲಿಗೂ ಬರಲ್ಲ. ಪರೀಕ್ಷೆ ಕಟ್ಟೋ, ನಾನು ಹೇಳಿಕೊಡ್ತೀನಿ ಅಂದ್ರೆ, ನಂಗ್ಯಾಕವ್ವ ಅದೆಲ್ಲ ಅಂತಾನೆ."

ಆಮೇಲೆ ತಲೆ ತಗ್ಗಿಸಿಕೊಂಡು ಅಂದಳು: "ಅವತ್ತು ನೀವು ಇಬ್ಬರಲ್ಲಿ ಒಬ್ಬರನ್ನ ಕರ್ಕೊಂಡೋದ್ರಿ. ಆ ಒಬ್ಬಳು ನಾನು ಅನ್ನೋದು ಒಂದೊಂದ್ಸಲ ತುತ್ತು ಇಳಿಯೋಕೆ ಬಿಡಲ್ಲ ಮೇಡಂ."

ಚೈತ್ರಳನ್ನು ಕರೆದುಕೊಂಡು ಹೋದದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಹೆಣ್ಣುಮಕ್ಕಳು ಮುಂದೆ ಹೋದದ್ದರಿಂದ ಗಂಡುಮಕ್ಕಳು ಹಿಂದೆ ಬಿದ್ದರು ಅನ್ನುವ ಮಾತನ್ನು ಇವತ್ತಿಗೂ ಒಪ್ಪುವುದಿಲ್ಲ. ಅವಳೂ ಬೆಳಿಗ್ಗೆ ಮೂವರಿಗೂ ಅಡುಗೆ ಮಾಡಿಟ್ಟೇ ಶಾಲೆಗೆ ಬರುತ್ತಿದ್ದವಳು. ಫಲಿತಾಂಶದ ಪಟ್ಟಿಯಲ್ಲಿ ಮೊದಲಿದ್ದವಳು ಮನೆಯಲ್ಲಿ ಊಟಕ್ಕೆ ಕೊನೆಗೆ ಕೂರುತ್ತಿದ್ದಳು. ಪಾರ್ಕಿನ ಗಂಡಸರು ಊಟದ ಸಾಲಿನ ಆ ಪಟ್ಟಿಯನ್ನೂ ಸ್ವಲ್ಪ ನೋಡಲಿ. ಆದರೆ ಹುಡುಗಿ ಬರಲಿಲ್ಲ ಅಂದರೆ ಅವಳ ಜೀವನವೇ ಹಾಳಾಯಿತು ಅಂತ ಓಡುತ್ತಿದ್ದ ನಾನು, ಹುಡುಗ ಬರಲಿಲ್ಲ ಅಂದರೆ ಹೇಗೋ ಬದುಕಿಕೊಳ್ಳುತ್ತಾನೆ ಅಂದುಕೊಂಡೆ. ಮಹೇಶ ಬದುಕಿಕೊಂಡ, ನಿಜ. ಹೇಗೆ ಬದುಕಿಕೊಂಡ ಅಂತ ಹನ್ನೆರಡು ವರ್ಷ ನಾನು ಹೋಗಿ ನೋಡಲಿಲ್ಲ.

ಮಾರನೆಯ ದಿನವೇ ಮಂಡಿ ಮೊಹಲ್ಲಾಕ್ಕೆ ಹೋದೆ. ಅದೇ ಅಂಗಡಿ. ಮೀಸೆ ಬಂದ, ಗಟ್ಟಿಮುಟ್ಟಾದ ಆಳು ತಗಡು ಬಡಿಯುತ್ತ ಕೂತಿದ್ದ. ನನ್ನನ್ನು ಕಂಡ ಕೂಡಲೇ ಎದ್ದು, ಸ್ಟೂಲು ಒರೆಸಿ ಹಾಕಿದ. ಟೀ ತರಿಸಿದ. ಕುಡಿದ ಮೇಲೆ ನೇರವಾಗಿ ಕೇಳಿದೆ.

"ಅವತ್ತು ಛತ್ರಿ ಕೊಡೋಕೆ ಬಂದಿದ್ದೆಯಲ್ಲ, ಏನು ಕೇಳಿದ್ದೆ ನೆನಪಿದೆಯಾ?"

"ಎಲ್ಲಿಂದು ಮೇಡಂ. ನೆನಪಿಲ್ಲ" ಅಂದ. ಸುತ್ತಿಗೆ ಎತ್ತಿಕೊಂಡು ಎರಡು ಏಟು ಹಾಕಿದ. ಆಮೇಲೆ ತಲೆ ಎತ್ತದೆ ಹೇಳಿದ: "ಕಾಲಿಲ್ವಾ ಅಂದ್ರಿ."

ಮೂವತ್ತೆರಡು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಹೇಳದ ಮಾತು ಅವತ್ತು ಹೇಳಿದೆ. "ತಪ್ಪಾಯ್ತು ಕಣೋ ಮಹೇಶ."

"ಅಯ್ಯೋ, ಬುಡಿ ಮೇಡಂ. ನೀವು ದೊಡ್ಡೋರು, ಅಂಗೆಲ್ಲ ಅನ್ಬೇಡಿ."

"ಪರೀಕ್ಷೆಗೆ ಖಾಸಗಿಯಾಗಿ ಕಟ್ಟು. ಗಣಿತ ನಾನು ಹೇಳಿಕೊಡ್ತೀನಿ. ಮಿಕ್ಕಿದ್ದು ಚೈತ್ರ ನೋಡ್ಕೋತಾಳೆ."

ಅವನ ಮುಖ ಬಿಗಿಯಿತು. "ಹೆಣ್ಣು ಸಿಕ್ಲಿ ಅಂತ ಓದ್ಬೇಕಾ ಮೇಡಂ?"

"ಹೆಣ್ಣು ಸಿಕ್ಕರೆ ಸಿಕ್ಕಲಿ, ಬಿಟ್ಟರೆ ಬಿಡಲಿ. ನೀನು ಅವತ್ತು ಬರ್ಲಾ ಅಂತ ಕೇಳಿದ್ದೆ. ಬಾ ಅಂತ ಕರೆಯೋಕೆ ಬಂದಿದೀನಿ."

ಅವನು ಸುತ್ತಿಗೆ ಎತ್ತಿಕೊಂಡು ಮತ್ತೆ ತಗಡಿನ ಮೇಲೆ ಬಗ್ಗಿದ. ನಾಲ್ಕು ದಿನ ಬಿಟ್ಟು ಸಂಜೆ ಐದಕ್ಕೆ ನಮ್ಮ ಗೇಟಿನ ಮುಂದೆ ಬೈಕು ನಿಂತಿತು. ಕೈಯಲ್ಲಿ ರಟ್ಟು ಹಾಕಿದ ಹೊಸ ನೋಟು ಪುಸ್ತಕ.

ಅಂದಿನಿಂದ ದಿನಾ ಸಂಜೆ ವರಾಂಡದಲ್ಲಿ ಪಾಠ. ಬೀಜಗಣಿತ ಅಂದರೆ ಅವನಿಗೆ ಬೆವರು ಬರುತ್ತಿತ್ತು. ಆದರೆ ಶಂಕುವಿನ ಭಿನ್ನಕ ಅಂತ ಒಂದು ಪಾಠವಿದೆ; ತುದಿ ಕತ್ತರಿಸಿದ ಶಂಕು, ಅಂದರೆ ಬಕೆಟ್ಟಿನ ಆಕಾರ. ನಾನು ಸೂತ್ರ ಬರೆದು ವಿವರಿಸುತ್ತಿದ್ದೆ. ಅವನು ಸ್ವಲ್ಪ ಹೊತ್ತು ನೋಡಿ, "ಇದು ಬಕೀಟಲ್ವಾ ಮೇಡಂ?" ಅಂದು, ಹಳೆಯ ಕ್ಯಾಲೆಂಡರಿನ ಹಾಳೆ ಕೇಳಿ ಇಸಕೊಂಡು, ದಾರದಿಂದ ಎರಡು ಬಾಗು ಗೆರೆ ಎಳೆದು, ಕತ್ತರಿಸಿ, ಸುತ್ತಿ ನನ್ನ ಮುಂದೆ ಇಟ್ಟ. ಕೂದಲೆಳೆಯಷ್ಟೂ ಅಂತರವಿಲ್ಲದೆ ಅಂಚಿಗೆ ಅಂಚು ಕೂತಿತ್ತು. ಅಷ್ಟು ವರ್ಷ ಆ ಪಾಠ ಮಾಡಿದ ನಾನು ಒಂದು ದಿನವೂ ಅದನ್ನು ಕೈಯಲ್ಲಿ ಮಾಡಿ ನೋಡಿರಲಿಲ್ಲ. "ಇನ್ನೊಂದ್ಸಲ ಮಾಡಿ ತೋರಿಸು" ಅಂದೆ. ಮೊದಲ ಸಲ ಅವನು ಬಾಯಿ ತುಂಬ ನಕ್ಕ.

ಎರಡು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ನನಗೆ ಮಂಡಿನೋವು, ಹೊರಗೆ ಮೋಡ. ಪುಸ್ತಕ ಎತ್ತಿಡುತ್ತ ಮನಸ್ಸಿನಲ್ಲೇ ಅಂದುಕೊಂಡೆ: ಗಂಡು ಹುಡುಗ, ಅಂಗಡಿಯಲ್ಲಿ ಕೆಲಸವಿರಬೇಕು, ಬರ್ತಾನೆ ಬಿಡು.

ಅಂದುಕೊಂಡವಳೇ ಬೆಚ್ಚಿಬಿದ್ದೆ. ಇಷ್ಟೆಲ್ಲ ಆದ ಮೇಲೂ, ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಿದ ಮೇಲೂ, ಆ ಮಾತು ತಾನಾಗಿಯೇ ಬಂದಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಚಪ್ಪಲಿ ಮೆಟ್ಟಿಕೊಂಡು ಆಟೋ ಹಿಡಿದೆ.

ಅಂಗಡಿಯಲ್ಲಿ ಸುತ್ತಿಗೆಯ ಸದ್ದಿರಲಿಲ್ಲ. ಮಹೇಶ ಒಬ್ಬನೇ ಕೂತಿದ್ದ. ತೊಡೆಯ ಮೇಲೆ ನೋಟು ಪುಸ್ತಕ. ಪಕ್ಕದಲ್ಲಿ ಸ್ಟೂಲು, ಒರೆಸಿ ಇಟ್ಟಿದ್ದ.

"ಯಾಕೋ ಬರ್ಲಿಲ್ಲ? ಜ್ವರವಾ?"

"ಇಲ್ಲ ಮೇಡಂ."

"ಅಪ್ಪ ಏನಾದ್ರೂ ಅಂದ್ರಾ? ಕೆಲಸ ಜಾಸ್ತಿನಾ?"

"ಊಹೂಂ."

"ಮತ್ತೆ ಏನೋ ನಿಂಗೆ ರೋಗ?"

ಅವನು ಪುಸ್ತಕದ ರಟ್ಟನ್ನು ಉಗುರಿನಿಂದ ಕೆರೆಯುತ್ತ, ನಾಚಿಕೊಂಡು ಹೇಳಿದ: "ಚೈತ್ರಂಗೆ ಎರಡ್ ದಿನಕ್ಕೆಲ್ಲ ಬಂದ್ಬುಟ್ಟಿದ್ರಿ. ನಂಗೂ ಬತ್ತೀರಾ ಅಂತ ನೋಡ್ದೆ ಮೇಡಂ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಸ್ಟೂಲಿನ ಮೇಲೆ ಕೂತು, ಬೀದಿಯವರು ನೋಡುತ್ತಾರೆ ಅನ್ನುವ ಪರಿವೆಯಿಲ್ಲದೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮಹೇಶ ಗಾಬರಿಯಾಗಿ ಟೀ ತರಲು ಎದ್ದ. ಟೀ ಆಮೇಲೆ, ಮೊದಲು ಪುಸ್ತಕ ತೆಗಿ ಅಂದೆ.